ಎಕ್ಯೂಐ ಮೇಲೆ ಕೇಸು ಹಾಕಲು ಬರುವುದಿಲ್ಲ

ಡಿಸೆಂಬರ್ ಬಂತೆಂದರೆ ಮುಂಬೈ ಕಡೆಯ ಚೆಂಬೂರು, ಮುಲುಂಡ್, ಡೊಂಬಿವಿಲಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ‘ಶುಭೋದಯ’ದ ಹೂವಿನ ಜೊತೆಗೆ ಇನ್ನೊಂದು ಚಿತ್ರವೂ ಬೀಳತೊಡಗುತ್ತದೆ: ಎಕ್ಯೂಐ (ಗಾಳಿಯ ಗುಣಮಟ್ಟದ ಅಂಕೆ) 180, ಹಳದಿ ಬಣ್ಣ. ಅದರ ಕೆಳಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ‘ಇದಕ್ಕೆಲ್ಲ ಒಂದು ಕಾನೂನು ಅಂತ ಇಲ್ವಾ ಮಾರಾಯ್ರೇ?’

ಇದೆ. ವಾಯು (ಮಾಲಿನ್ಯ ತಡೆ ಮತ್ತು ನಿಯಂತ್ರಣ) ಕಾಯಿದೆ 1981ರ ಮೇ 16ರಿಂದ ಜಾರಿಯಲ್ಲಿದೆ. ಬೊಂಬಾಯಿಗಂತೂ ಅದು ಹೊಸದೂ ಅಲ್ಲ. ಕುಲುಮೆ, ಬಾಯ್ಲರುಗಳ ಹೊಗೆಯ ಮೇಲೆ ಬ್ರಿಟಿಷರು 1912ರಲ್ಲೇ ಬಾಂಬೆ ಸ್ಮೋಕ್ ನ್ಯೂಸೆನ್ಸಸ್ ಆ್ಯಕ್ಟ್ ಮಾಡಿದ್ದರು. ಭೋಪಾಲ ದುರಂತದ ಬೆನ್ನಿಗೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ಸ್ವಚ್ಛ ಗಾಳಿ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನಿಗೆ ಬರವಿಲ್ಲ. ಆದರೆ ಗುಂಪಿನಲ್ಲಿ ಬಿದ್ದ ಆ 180 ಎಂಬ ಅಂಕೆಯನ್ನು ಹಿಡಿದುಕೊಂಡು ಯಾವ ಕಚೇರಿಗೆ ಹೋದರೂ ಬರಿಗೈಯಲ್ಲಿ ವಾಪಸು ಬರಬೇಕಾಗುತ್ತದೆ. ಏಕೆ ಎನ್ನುವುದು ತಿಳಿದರೆ, ಯಾವ ಬಾಗಿಲು ತಟ್ಟಬೇಕು ಎನ್ನುವುದೂ ತಿಳಿಯುತ್ತದೆ.

ನಮ್ಮ ಕಾನೂನಿನಲ್ಲಿ ಎರಡು ಬಗೆಯ ಮಿತಿಗಳಿವೆ. ಒಂದು, ನಾವು ಉಸಿರಾಡುವ ಗಾಳಿಯದು. 2009ರ ನವೆಂಬರಿನಲ್ಲಿ ಕೇಂದ್ರ ಪ್ರಕಟಿಸಿದ ರಾಷ್ಟ್ರೀಯ ಗುಣಮಟ್ಟದಲ್ಲಿ 12 ಮಾಲಿನ್ಯಕಾರಕಗಳಿವೆ. ಪಿಎಂ 2.5 ಎಂಬ ಅತಿ ಸಣ್ಣ ಕಣ ಒಂದು ಘನ ಮೀಟರ್ ಗಾಳಿಯಲ್ಲಿ 24 ಗಂಟೆಯ ಸರಾಸರಿಗೆ 60 ಮೈಕ್ರೋಗ್ರಾಂ, ವರ್ಷದ ಸರಾಸರಿಗೆ 40 ಮೀರಬಾರದು. ತುಸು ದೊಡ್ಡ ಕಣವಾದ ಪಿಎಂ 10ಕ್ಕೆ ಕ್ರಮವಾಗಿ 100 ಮತ್ತು 60. ವರ್ಷದ ಸರಾಸರಿ ಎನ್ನಬೇಕಾದರೆ ಒಂದೇ ಜಾಗದಲ್ಲಿ ವಾರಕ್ಕೆ ಎರಡರಂತೆ ಕನಿಷ್ಠ 104 ಅಳತೆ ಇರಬೇಕು. ದಿನದ ಮಿತಿಯನ್ನು ವರ್ಷದಲ್ಲಿ ನೂರಕ್ಕೆ 98 ಪಾಲು ಸಮಯ ಪಾಲಿಸಬೇಕು. ಉಳಿದ 2 ಪಾಲಿನಲ್ಲಿ ಮೀರಬಹುದು, ಆದರೆ ಸತತ ಎರಡು ದಿನ ಮೀರಬಾರದು.

ಎಕ್ಯೂಐ ಎನ್ನುವುದು ಈ ಮಿತಿಗಳನ್ನು ಜನರಿಗೆ ಅರ್ಥವಾಗಲೆಂದು ಒಂದೇ ಅಂಕೆಗೆ ಇಳಿಸಿದ ಲೆಕ್ಕ, ಕಾನೂನಲ್ಲ. ಎಂಟು ಮಾಲಿನ್ಯಕಾರಕಗಳಿಗೆ ಬೇರೆಬೇರೆ ಉಪ ಅಂಕೆ ಹಾಕಿ, ಅದರಲ್ಲಿ ಅತಿ ಕೆಟ್ಟದ್ದನ್ನೇ ಆ ದಿನದ ಅಂಕೆ ಎನ್ನುತ್ತಾರೆ. ಪಿಎಂ 2.5ರ 60 ಮೈಕ್ರೋಗ್ರಾಂ ಅಂದರೆ ಎಕ್ಯೂಐ 100. ಕಣಗಳ ಕಾರಣಕ್ಕೇ 180 ಬಂದಿದ್ದರೆ ಗಾಳಿಯಲ್ಲಿ ಸುಮಾರು 84 ಮೈಕ್ರೋಗ್ರಾಂ ಇದೆ ಎಂದರ್ಥ. ಹಾಗಾಗಿ ಆ್ಯಪ್ ‘ಮಧ್ಯಮ’ ಎಂದು ಸಮಾಧಾನ ಹೇಳುವ ದಿನವೇ ರಾಷ್ಟ್ರೀಯ ಮಿತಿ ಮೀರಿರುತ್ತದೆ. ಈ ‘ಮಧ್ಯಮ’ ಎಂಬ ಪದವನ್ನು ಇಟ್ಟವರಿಗೆ ನನ್ನದೊಂದು ನಮಸ್ಕಾರ.

ಈಗ ಮುಖ್ಯ ಮಾತು. ಈ 60 ಮೀರಿದರೆ ಅಪರಾಧಿ ಯಾರು? ಯಾರೂ ಅಲ್ಲ. ಗಾಳಿ ಇಷ್ಟು ಸ್ವಚ್ಛ ಇರಬೇಕು ಎಂದು ಹೇಳಿದ ಕಾನೂನು, ಇಲ್ಲದಿದ್ದರೆ ಇಂಥವರನ್ನು ಹಿಡಿಯಿರಿ ಎಂದು ಹೇಳಿಲ್ಲ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಸ್ವಚ್ಛ ಗಾಳಿ ಕಾರ್ಯಕ್ರಮವೂ ಅಷ್ಟೇ. ಮುಂಬೈ ಸೇರಿ ಸುಮಾರು 130 ನಗರಗಳಿಗೆ ಗುರಿ ಇದೆ, ಹಣ ಇದೆ, ಗುರಿ ತಪ್ಪಿದರೆ ಶಿಕ್ಷೆ ಕೊಡುವ ಸೆಕ್ಷನ್ ಇಲ್ಲ. ದಿಲ್ಲಿಯಲ್ಲಿ ಅಂಕೆ ಏರಿದಂತೆ ಲಾರಿ ನಿಲ್ಲಿಸುವುದು, ಕಟ್ಟಡ ಕೆಲಸ ನಿಲ್ಲಿಸುವುದು ನಡೆಯುತ್ತದಲ್ಲ, ಅದು 2021ರ ಪ್ರತ್ಯೇಕ ಕಾಯಿದೆಯ ಆಯೋಗದ ಅಧಿಕಾರ. ಅದರ ವ್ಯಾಪ್ತಿ ದಿಲ್ಲಿ ಮತ್ತು ಸುತ್ತಲಿನ ರಾಜ್ಯಗಳಿಗಷ್ಟೇ. ಮುಂಬೈಗೆ ಬರುವುದಿಲ್ಲ.

ಎರಡನೆಯ ಬಗೆಯ ಮಿತಿ ಚಿಮಣಿಯ ಬಾಯಿಯದು. ಅದಕ್ಕೆ ಹೆಸರಿದೆ, ವಿಳಾಸವಿದೆ, ಲೈಸೆನ್ಸು ನಂಬರಿದೆ. ಕಾಯಿದೆಗೆ ಹಲ್ಲಿರುವುದು ಇಲ್ಲಿ. ಇನ್ನು ಮುಂದಿನದೆಲ್ಲ ಈ ಎರಡನೆಯದರ ಮಾತು.

ಗೋಡೆಯ ತೂತೂ ಚಿಮಣಿಯೇ

1981ರ ಕಾಯಿದೆಯ ವ್ಯಾಖ್ಯೆಗಳನ್ನು ಹೋಟೆಲಿನವರು ಒಮ್ಮೆ ಓದಬೇಕು. ‘ಕೈಗಾರಿಕಾ ಸ್ಥಾವರ’ ಎಂದರೆ ಕೈಗಾರಿಕೆ ಅಥವಾ ವ್ಯಾಪಾರಕ್ಕೆ ಬಳಸುವ, ಗಾಳಿಗೆ ಮಾಲಿನ್ಯ ಬಿಡುವ ಯಾವುದೇ ಸ್ಥಾವರ. ವ್ಯಾಪಾರ ಎಂಬ ಆ ಒಂದು ಪದ ಸಾಕು. ಹೋಟೆಲು, ಬೇಕರಿ, ಲಾಂಡ್ರಿ ಎಲ್ಲ ಒಳಗೆ. ‘ಚಿಮಣಿ’ ಎಂದರೆ ಮಾಲಿನ್ಯ ಹೊರಹೋಗುವ ಬಾಯಿ ಇರುವ ಯಾವುದೇ ರಚನೆ. ಅಡುಗೆಮನೆಯ ಹಿಂಬದಿ ಗೋಡೆಗೆ ಎಕ್ಸಾಸ್ಟ್ ಫ್ಯಾನು ಕೂರಿಸಿದ ತೂತಿಗೂ ಈ ಮಾತು ಹೊಂದುತ್ತದೆ. ‘ನಮ್ಮಲ್ಲಿ ಚಿಮಣಿಯೇ ಇಲ್ಲ ಸಾರ್’ ಎಂಬ ವಾದ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. 1987ರ ತಿದ್ದುಪಡಿಯಿಂದ ಸದ್ದು ಕೂಡ ವಾಯು ಮಾಲಿನ್ಯಕಾರಕವೇ.

ಸೆಕ್ಷನ್ 19ರಲ್ಲಿ ರಾಜ್ಯ ಸರಕಾರ ಒಂದು ಪ್ರದೇಶವನ್ನು ವಾಯು ಮಾಲಿನ್ಯ ನಿಯಂತ್ರಣ ಪ್ರದೇಶ ಎಂದು ಘೋಷಿಸುತ್ತದೆ. ಇಡೀ ಮಹಾರಾಷ್ಟ್ರ ಹಾಗೆ ಘೋಷಿತವಾಗಿದೆ. ಅಂಥ ಪ್ರದೇಶದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪೂರ್ವ ಸಮ್ಮತಿ ಇಲ್ಲದೆ ಸ್ಥಾವರ ಹೂಡಬಾರದು, ನಡೆಸಬಾರದು; ಇದು ಸೆಕ್ಷನ್ 21. ಕಚೇರಿ ಭಾಷೆಯಲ್ಲಿ ಇದಕ್ಕೆ ಕನ್ಸೆಂಟ್ ಎನ್ನುತ್ತಾರೆ: ಹೂಡುವ ಮೊದಲು ಒಂದು, ನಡೆಸುವ ಮೊದಲು ಇನ್ನೊಂದು. ಅರ್ಜಿ ಬಿದ್ದ 4 ತಿಂಗಳೊಳಗೆ ಮಂಡಳಿ ತೀರ್ಮಾನಿಸಬೇಕು. ಉದ್ಯಮಗಳನ್ನು ಮಾಲಿನ್ಯ ಹೆಚ್ಚಿರುವುದರಿಂದ ಕಡಿಮೆಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದ್ದಾರೆ. ಬಿಳಿಗೆ ಕನ್ಸೆಂಟ್ ಬೇಡ. ಹೋಟೆಲು ಯಾವ ಬಣ್ಣಕ್ಕೆ ಬೀಳುತ್ತದೆ ಎನ್ನುವುದು ಕೋಣೆಗಳ ಸಂಖ್ಯೆ, ಬಾಯ್ಲರು ಇದೆಯೇ ಇಲ್ಲವೇ, ದಿನಕ್ಕೆಷ್ಟು ಕೊಳೆನೀರು ಎನ್ನುವುದರ ಮೇಲೆ ನಿಂತಿದೆ.

ಮುಂಬೈಯ ನಮ್ಮವರಿಗೆ ಇದರಲ್ಲಿ ಒಂದು ವಿಶೇಷ ಸಿಕ್ಕು ಇದೆ: ಕಂಡಕ್ಟಿಂಗ್. ಹೋಟೆಲು ಒಬ್ಬರದು, ನಡೆಸುವವರು ಇನ್ನೊಬ್ಬರು, ಲೈಸೆನ್ಸಿನಲ್ಲಿ ಹೆಸರು ಮೂರನೆಯವರದು. ನೋಟೀಸು ಬಂದಾಗ ‘ಕನ್ಸೆಂಟ್ ಶೆಟ್ರ ಹೆಸರಲ್ಲಿದೆ, ನಾನು ಬರೀ ಕಂಡಕ್ಟರ್’ ಎನ್ನುವುದು ಮಾಮೂಲಿ ಉತ್ತರ. ಸೆಕ್ಷನ್ 21ರ ಕೊನೆಯ ಉಪವಿಧಿ ಈ ದಾರಿಯನ್ನು ಮುಚ್ಚಿದೆ. ಕನ್ಸೆಂಟ್ ಪಡೆದವರು ತಮ್ಮ ಹಿತಾಸಕ್ತಿಯನ್ನು ಬೇರೆಯವರಿಗೆ ವಹಿಸಿದರೆ, ಆ ಕನ್ಸೆಂಟ್ ಮೊದಲಿನಿಂದಲೂ ವಹಿಸಿಕೊಂಡವರಿಗೇ ಕೊಟ್ಟಂತೆ. ಅದರ ಎಲ್ಲ ಷರತ್ತೂ ಅವರ ತಲೆಗೆ. ‘ಆಕ್ಯುಪೈಯರ್’ ಎಂದರೂ ಅಷ್ಟೇ, ಆ ಜಾಗದ ವ್ಯವಹಾರ ಯಾರ ಹಿಡಿತದಲ್ಲಿದೆಯೋ ಅವರು. ಕ್ಯಾಶಿನಲ್ಲಿ ಕೂತವರು ಎಂದೇ ಇಟ್ಟುಕೊಳ್ಳಿ. ಕಂಡಕ್ಟಿಂಗ್ ಕರಾರಿಗೆ ಸಹಿ ಹಾಕುವ ಮೊದಲು ಕನ್ಸೆಂಟಿನ ಪ್ರತಿ ಕೇಳಿ, ಅವಧಿ ಮುಗಿದಿದೆಯೇ ನೋಡಿ. ಅದರಲ್ಲಿ ಬರೆದ ಇಂಧನ ಯಾವುದು, ಅಡುಗೆಮನೆಯಲ್ಲಿ ಉರಿಯುತ್ತಿರುವುದು ಯಾವುದು ಎಂದೂ ತಾಳೆ ನೋಡಿ. ಹೆಚ್ಚಿನ ತಕರಾರು ಹುಟ್ಟುವುದು ಈ ಎರಡು ಬೇರೆಯಾಗಿರುವ ಕಡೆ.

ಜನರೇಟರಿನ ಕೊಳವೆ, ಬಾಯ್ಲರಿನ ತೂತು

ಸೊಸೈಟಿ, ಹೋಟೆಲು, ಸಭಾಗೃಹ ಎಲ್ಲಕ್ಕೂ ಸಾಮಾನ್ಯವಾದ ಚಿಮಣಿ ಡೀಸೆಲ್ ಜನರೇಟರಿನದು. ಅದರ ಎತ್ತರಕ್ಕೆ ಒಂದು ಸೂತ್ರವಿದೆ: ಜನರೇಟರ್ ಇರುವ ಕಟ್ಟಡದ ಎತ್ತರಕ್ಕೆ, ಯಂತ್ರದ ಸಾಮರ್ಥ್ಯ ಹೇಳುವ ಕೆವಿಎ ಸಂಖ್ಯೆಯ ವರ್ಗಮೂಲದ 0.2 ಪಾಲನ್ನು ಕೂಡಿಸಬೇಕು. 125 ಕೆವಿಎ ಯಂತ್ರ ಎಂದರೆ ವರ್ಗಮೂಲ 11.18, ಅದರ 0.2 ಪಾಲು 2.24. ಏಳು ಮಹಡಿಯ 21 ಮೀಟರ್ ಕಟ್ಟಡವಾದರೆ ಕೊಳವೆ ನೆಲದಿಂದ 23.24 ಮೀಟರ್ ಏರಬೇಕು, ಅಂದರೆ ತಾರಸಿಯಿಂದ ಏಳಡಿಗೂ ಮೇಲೆ. ನಡೆಯುವುದು ಏನು? ಕಂಪೌಂಡಿನ ಮೂಲೆಯಲ್ಲಿ ಯಂತ್ರ, ಅದರ ನೆತ್ತಿಯ ಮೇಲೆ ಮೂರಡಿ ಕೊಳವೆ, ಹೊಗೆ ಸೀದಾ ಮೊದಲ ಮಹಡಿಯ ಕಿಟಕಿಗೆ. ‘ಯಂತ್ರ ಬಯಲಿನಲ್ಲಿದೆ, ಹಾಗಾಗಿ ಕಟ್ಟಡದ ಎತ್ತರ ಸೊನ್ನೆ’ ಎಂದು ವಾದಿಸುವವರಿದ್ದಾರೆ. ಸೂತ್ರದ ಉದ್ದೇಶ ಹೊಗೆ ಕಿಟಕಿಗಳಿಗಿಂತ ಮೇಲೆ ಹೋಗಲಿ ಎನ್ನುವುದು; ಆ ಜಾಣತನದಿಂದ ಮೊದಲ ಮಹಡಿಯವರ ಕೆಮ್ಮು ನಿಲ್ಲುವುದಿಲ್ಲ.

ಕೊಳವೆ ಏರಿಸಿದವರೂ ಎರಡು ತಪ್ಪು ಮಾಡುತ್ತಾರೆ. ಒಂದು, ದಾರಿಯಲ್ಲಿ ನಾಲ್ಕೈದು ಕಡೆ ಲಂಬಕೋನದ ಬೆಂಡು. ಪ್ರತಿ ಬೆಂಡಿಗೂ ಎಂಜಿನ್ ಮೇಲೆ ಹಿಮ್ಮುಖ ಒತ್ತಡ ಏರುತ್ತದೆ, ಉರಿಯುವಿಕೆ ಕೆಡುತ್ತದೆ, ಕಪ್ಪು ಹೊಗೆ ಬರುತ್ತದೆ. ಬೆಂಡು ಕಡಿಮೆ ಮಾಡಿ, ಉದ್ದ ಹೆಚ್ಚಾದರೆ ಕೊಳವೆಯ ವ್ಯಾಸವನ್ನೂ ಹೆಚ್ಚಿಸಬೇಕು. ಎರಡು, ಮಳೆ ನೀರು ಬಾರದಿರಲೆಂದು ತುದಿಗೆ ಕೊಡೆಯಂಥ ಟೋಪಿ. ಅದು ಮೇಲೆ ಚಿಮ್ಮಬೇಕಾದ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ಕೊಳವೆ ಏರಿಸಿದ ಖರ್ಚೆಲ್ಲ ನೀರಿಗೆ. ಮಳೆಗಾಲದ ಮುಂಬೈಗೆ, ಹೊಗೆಯ ಒತ್ತಡಕ್ಕೆ ತಾನೇ ತೆರೆದು ಆಮೇಲೆ ಮುಚ್ಚಿಕೊಳ್ಳುವ ಮುಚ್ಚಳ ಸರಿ. ಇನ್ನು ಸದ್ದಿಗೆ: ಜನರೇಟರನ್ನು ಮುಚ್ಚುವ ಡಬ್ಬದ ಹೊರಗೆ 1 ಮೀಟರಿನಲ್ಲಿ 75 ಡೆಸಿಬೆಲ್ ಮಿತಿ. ಕಾವಿಗೆಂದು ಡಬ್ಬದ ಬಾಗಿಲು ತೆರೆದಿಟ್ಟು ಓಡಿಸಿದರೆ ಆ ಮಿತಿಗೆ ಅರ್ಥವಿಲ್ಲ. 2023ರ ಜುಲೈ 1ರಿಂದ 800 ಕಿಲೋವಾಟ್‌ವರೆಗಿನ ಹೊಸ ಜನರೇಟರುಗಳಿಗೆ ಹೆಚ್ಚು ಬಿಗಿಯಾದ ಮಾನಕ ಬಂದಿದೆ; ಹಳೇ ಯಂತ್ರ ಕೊಳ್ಳುವವರು ತಯಾರಾದ ತಾರೀಖು ನೋಡಿ ಕೊಳ್ಳಲಿ.

ಬಾಯ್ಲರಿನ ಕತೆ ಇನ್ನೂ ಸ್ವಾರಸ್ಯ. ಡೊಂಬಿವಿಲಿ, ಅಂಬರ್‌ನಾಥ್, ಭಿವಂಡಿ ಕಡೆ ಕೆಲಸ ಮಾಡುವವರಿಗೆ ಇದು ಗೊತ್ತಿರಬೇಕು. ಕೇಂದ್ರದ ನಿಯಮದಲ್ಲಿ, ಗಂಟೆಗೆ 2 ಟನ್ನಿಗಿಂತ ಕಡಿಮೆ ಹಬೆ ಕೊಡುವ ಸಣ್ಣ ಬಾಯ್ಲರಿನ ಹೊಗೆಯಲ್ಲಿ ಘನ ಮೀಟರಿಗೆ 1,200 ಮಿಲಿಗ್ರಾಂ ಕಣ ಇರಬಹುದು. 2ರಿಂದ 10 ಟನ್ನಿಗೆ 800, 10ರಿಂದ 15ಕ್ಕೆ 600, ಅದರ ಮೇಲೆ 150. ಸಣ್ಣವರಿಗೆ ದುಬಾರಿ ಯಂತ್ರ ಹಾಕಲಾಗದು ಎಂಬ ಕನಿಕರ ಇದು. ಲೆಕ್ಕ ಹಾಕಿ: 150 ಮಿಲಿಗ್ರಾಂ ಎಂದರೆ 1,50,000 ಮೈಕ್ರೋಗ್ರಾಂ, ಉಸಿರಾಟದ ಮಿತಿಯಾದ 60ರ 2,500 ಪಟ್ಟು. 1,200 ಎಂದರೆ 20,000 ಪಟ್ಟು. ನಡುವಿನ ಅಂತರವನ್ನು ಗಾಳಿ ತಾನೇ ಬೆರೆಸಿ ತೆಳು ಮಾಡಲಿ ಎಂದು ಕಾನೂನು ಬಿಟ್ಟಿದೆ, ಅದಕ್ಕೇ ಚಿಮಣಿಯ ಎತ್ತರದ ಮೇಲೆ ಅಷ್ಟು ಒತ್ತು. 2 ಟನ್ನಿಗಿಂತ ಸಣ್ಣದಕ್ಕೆ 9 ಮೀಟರ್ ಅಥವಾ ಪಕ್ಕದ ಕಟ್ಟಡದ ಎರಡೂವರೆ ಪಟ್ಟು, ಯಾವುದು ಹೆಚ್ಚೋ ಅದು. 2ರಿಂದ 5 ಟನ್ನಿಗೆ 12 ಮೀಟರ್, 5ರಿಂದ 10ಕ್ಕೆ 15. ಪಕ್ಕದಲ್ಲಿ ಟವರ್ ಎದ್ದ ಮೇಲೆ ಈ ಎರಡೂವರೆ ಪಟ್ಟನ್ನು ಯಾರು ಎಲ್ಲಿಂದ ತರುತ್ತಾರೆ ಎನ್ನುವುದು ಬೇರೆ ಪ್ರಶ್ನೆ. ರಾಜ್ಯ ಮಂಡಳಿ ಕನ್ಸೆಂಟಿನಲ್ಲಿ ಇದಕ್ಕಿಂತ ಬಿಗಿ ಮಿತಿ ಹಾಕಬಹುದು. ಆಗ ಕನ್ಸೆಂಟಿನಲ್ಲಿ ಬರೆದದ್ದೇ ಕಾನೂನು.

ಅಳತೆ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ರಿಪೋರ್ಟು ಹೇಗೆ ಹಾಳಾಗುತ್ತದೆ ಎನ್ನುವುದು ಗೊತ್ತಾಗುತ್ತದೆ. ಚಿಮಣಿಯ ಮೈಗೆ ಒಂದು ತೂತು ಬೇಕು, ಸುಮಾರು 4 ಇಂಚಿನದು, ಫ್ಲ್ಯಾಂಜು ಮುಚ್ಚಳ ಸಮೇತ. ಅದು ಕೆಳಗಿನ ಬೆಂಡಿನಿಂದ ಚಿಮಣಿಯ ವ್ಯಾಸದ 8 ಪಟ್ಟು ಮೇಲಿರಬೇಕು, ಮೇಲಿನ ಬಾಯಿಗಿಂತ 2 ಪಟ್ಟು ಕೆಳಗಿರಬೇಕು. ಹಾಗಿದ್ದರೆ ಮಾತ್ರ ಹೊಗೆ ಸುಳಿ ತಿರುಗದೆ ನೇರ ಹರಿಯುತ್ತದೆ. ಅರ್ಧ ಮೀಟರ್ ವ್ಯಾಸದ ಚಿಮಣಿಗೆ ಇದು ಬೆಂಡಿನಿಂದ 4 ಮೀಟರ್ ಮೇಲೆ, ಬಾಯಿಗಿಂತ 1 ಮೀಟರ್ ಕೆಳಗೆ. ಅಲ್ಲಿಗೆ ಗಟ್ಟಿ ಏಣಿ, ನಿಲ್ಲಲು ಅಟ್ಟ, ಹತ್ತಿರದಲ್ಲಿ ಕರೆಂಟು. ಏಣಿ ತುಕ್ಕು ಹಿಡಿದಿದ್ದರೆ ಲ್ಯಾಬಿನ ಹುಡುಗ ಹತ್ತುವುದಿಲ್ಲ, ಹತ್ತಬಾರದು ಕೂಡ. ಆಗ ಏನಾಗುತ್ತದೆ ಎಂದು ನಾನು ಬರೆಯಬೇಕಾಗಿಲ್ಲ. ಹೋದ ಸಲದ ರಿಪೋರ್ಟು, ಹೊಸ ತಾರೀಖು.

ಹತ್ತಿದ ಮೇಲೂ ತಪ್ಪುವ ಜಾಗ ಎರಡಿವೆ. ಹೊಗೆ ಹರಿಯುವ ವೇಗದಲ್ಲೇ ನಳಿಕೆ ಹೊಗೆಯನ್ನು ಹೀರಬೇಕು. ಪಂಪನ್ನು ಜೋರು ಮಾಡಿದರೆ ಅಕ್ಕಪಕ್ಕದ ಗಾಳಿ ಒಳಗೆ ತಿರುಗುತ್ತದೆ, ಭಾರದ ಕಣಗಳು ತಿರುಗದೆ ನೇರ ಮುಂದೆ ಹೋಗುತ್ತವೆ. ಅಂಕೆ ನಿಜಕ್ಕಿಂತ ಕಡಿಮೆ ಬರುತ್ತದೆ. ನಿಧಾನ ಮಾಡಿದರೆ ಉಲ್ಟಾ. ಎರಡನೆಯದು, ಕುಲುಮೆಗೆ ಬೇಡದ ಗಾಳಿ ನುಗ್ಗಿಸಿ ಹೊಗೆಯನ್ನು ತೆಳು ಮಾಡುವುದು. ಇದನ್ನು ತಡೆಯಲೆಂದೇ ಫಲಿತಾಂಶವನ್ನು ಶೇಕಡಾ 12 ಇಂಗಾಲದ ಡೈಆಕ್ಸೈಡಿಗೆ ಸರಿಹೊಂದಿಸಿ ಹೇಳಬೇಕು. ಅಳತೆ 90 ಮಿಲಿಗ್ರಾಂ, ಆದರೆ ಹೊಗೆಯಲ್ಲಿ ಡೈಆಕ್ಸೈಡ್ ಶೇಕಡಾ 6 ಮಾತ್ರ ಎಂದಾದರೆ ನಿಜವಾದ ಅಂಕೆ 180. 150ರ ಮಿತಿಯಲ್ಲಿ ಪಾಸಾದಂತೆ ಕಂಡದ್ದು ಫೇಲು. ರಿಪೋರ್ಟು ಕೈಗೆ ಬಂದರೆ ಕಣದ ಅಂಕೆಗಿಂತ ಮೊದಲು ಈ ಸಾಲು ನೋಡಿ. ಸಾಲೇ ಇಲ್ಲದಿದ್ದರೆ ಆ ರಿಪೋರ್ಟನ್ನು ನಂಬಬೇಡಿ.

ಮೊಕದ್ದಮೆಗೆ ಬೇಕಾದ ಸ್ಯಾಂಪಲ್ಲಿನ ವಿಧಿ ಬೇರೆಯೇ. ಸೆಕ್ಷನ್ 26ರ ಪ್ರಕಾರ ಮಂಡಳಿಯ ಅಧಿಕಾರಿ ಅಲ್ಲೇ ನೋಟೀಸು ಕೊಟ್ಟು, ನಡೆಸುವವರ ಎದುರಿಗೇ ಸ್ಯಾಂಪಲ್ ತೆಗೆದು, ಸೀಲು ಮಾಡಿ, ಇಬ್ಬರೂ ಸಹಿ ಹಾಕಿ ಲ್ಯಾಬಿಗೆ ಕಳಿಸಬೇಕು. ಸಹಿಗೆ ಒಪ್ಪದಿದ್ದರೆ ಅಥವಾ ಬೇಕೆಂದೇ ತಪ್ಪಿಸಿಕೊಂಡರೆ ಅಧಿಕಾರಿಯ ಸಹಿಯೇ ಸಾಕು. ಈ ಕ್ರಮದಲ್ಲಿ ಒಂದು ಹೆಜ್ಜೆ ತಪ್ಪಿದರೆ ಆ ಫಲಿತಾಂಶ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಖಾಸಗಿ ಲ್ಯಾಬಿನ ರಿಪೋರ್ಟು ಹಿಡಿದು ದೂರು ಕೊಡಬಹುದು, ಅದರ ಮೇಲೆ ಶಿಕ್ಷೆ ಬೀಳುವುದು ಕಷ್ಟ.

ಇದ್ದಿಲು, ಕಟ್ಟಿಗೆ, ತಂದೂರ್

ಸೆಕ್ಷನ್ 19ರಲ್ಲೇ ಇನ್ನೊಂದು ಅಧಿಕಾರವಿದೆ: ಇಂಥ ಇಂಧನ ಉರಿಸಬಾರದು ಎಂದು ರಾಜ್ಯ ಸರಕಾರ ನಿಷೇಧಿಸಬಹುದು. 1981ರಿಂದ ಇದ್ದ ಅಧಿಕಾರ. ಆದರೂ ಮುಂಬೈಯ ಬೇಕರಿ, ತಂದೂರ್ ಭಟ್ಟಿಗಳ ಕಟ್ಟಿಗೆ ಮತ್ತು ಇದ್ದಿಲಿನ ವಿಷಯಕ್ಕೆ ಬಿಸಿ ಮುಟ್ಟಿದ್ದು ಬಾಂಬೆ ಹೈಕೋರ್ಟಿನಿಂದ. 2023ರ ಅಕ್ಟೋಬರಿನಲ್ಲಿ ನಗರದ ಗಾಳಿಯ ಬಗ್ಗೆ ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ, 2025ರ ಜನವರಿ 9ರಂದು, ಇವೆಲ್ಲ ಆರು ತಿಂಗಳಲ್ಲಿ ಗ್ಯಾಸು ಅಥವಾ ಬೇರೆ ಸ್ವಚ್ಛ ಇಂಧನಕ್ಕೆ ಬದಲಾಗಬೇಕು, ಹೊಸದಾಗಿ ಕಟ್ಟಿಗೆ-ಇದ್ದಿಲಿಗೆ ಪರವಾನಗಿ ಕೊಡಬಾರದು ಎಂಬ ಆದೇಶ ಬಂತು. ಇದ್ದಿಲಿನ ರೊಟ್ಟಿಯ ಘಮ ಹೋಯಿತು ಎಂದು ಗೋಳಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಘಮ ಕಟ್ಟಡದ ಮೂರನೇ ಮಹಡಿಗೆ ಘಮವಾಗಿ ತಲುಪುವುದಿಲ್ಲ.

ಬದಲಾಯಿಸುವಾಗ ಗಮನಿಸಬೇಕಾದ್ದು ಇಷ್ಟು. ಓಣಿಯಲ್ಲಿ ಪೈಪಿನ ಗ್ಯಾಸಿದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ 19 ಕೆಜಿಯ ವಾಣಿಜ್ಯ ಸಿಲಿಂಡರು. ಲೈಸೆನ್ಸಿಲ್ಲದೆ 100 ಕೆಜಿ ಎಲ್‌ಪಿಜಿ ತನಕ ಮಾತ್ರ ಇಟ್ಟುಕೊಳ್ಳಬಹುದು, ಅಂದರೆ ತುಂಬಿದ ಸಿಲಿಂಡರು 5, ಒಟ್ಟು 95 ಕೆಜಿ. ಆರನೆಯದು ಬಂದ ಕ್ಷಣ 114 ಆಯಿತು. ಭಟ್ಟಿ ತೆಗೆದು ಗ್ಯಾಸು ತಂದೂರ್ ಇಟ್ಟವರು ಕನ್ಸೆಂಟಿನಲ್ಲಿ, ಪಾಲಿಕೆಯ ಆರೋಗ್ಯ ಲೈಸೆನ್ಸಿನಲ್ಲಿ, ಅಗ್ನಿಶಾಮಕದ ಕಾಗದದಲ್ಲಿ ಮೂರೂ ಕಡೆ ಇಂಧನ ಬದಲಿಸಿಕೊಳ್ಳಬೇಕು. ಹಳೇ ಡಕ್ಟನ್ನು ಹಾಗೇ ಬಿಡಬಾರದು. ವರ್ಷಗಳ ಎಣ್ಣೆ ಜಿಡ್ಡು ಒಳಗೆ ಕೂತಿರುತ್ತದೆ. ತಂದೂರಿನ ಉರಿ ತಗುಲಿದರೆ ಡಕ್ಟೇ ಹೊತ್ತಿಕೊಳ್ಳುತ್ತದೆ. ಕೆರೆಸಿ, ಜಿಡ್ಡಿನ ಜಾಲರಿ ಬದಲಿಸಿ, ಬಾಯಿಯನ್ನು ತಾರಸಿಯ ಮೇಲೆ ತನ್ನಿ.

ತಗಡಿನ ಬೇಲಿ

ಕಟ್ಟಡ ಕೆಲಸದ ಧೂಳಿಗೆ ಕೇಂದ್ರ 2018ರ ಜನವರಿಯಲ್ಲಿ ನಿಯಮ ಮಾಡಿತು: ಧೂಳು ತಡೆಯ ಯೋಜನೆ ಇಲ್ಲದೆ ಕೆಲಸವಿಲ್ಲ, ಮರಳು ಮಣ್ಣು ತೆರೆದಿಡುವಂತಿಲ್ಲ, ಕಲ್ಲು-ಟೈಲು ಬಯಲಲ್ಲಿ ಕೊಯ್ಯುವಂತಿಲ್ಲ, ಗಾಳಿತಡೆ ಕಟ್ಟಡದ ಮೂರನೇ ಒಂದು ಪಾಲು ಎತ್ತರ, ಗರಿಷ್ಠ 10 ಮೀಟರ್. 2023ರ ಅಕ್ಟೋಬರಿನಲ್ಲಿ ಮುಂಬೈ ಪಾಲಿಕೆ ಇದನ್ನು ಇಂಚು ಲೆಕ್ಕಕ್ಕೆ ಇಳಿಸಿತು. 70 ಮೀಟರಿಗಿಂತ ಎತ್ತರದ ಕಟ್ಟಡ ಅಥವಾ ಒಂದು ಎಕರೆಗಿಂತ ದೊಡ್ಡ ಜಾಗ ಎಂದರೆ ಸುತ್ತ 35 ಅಡಿಯ ತಗಡು. ಎಕರೆಗಿಂತ ಸಣ್ಣದಕ್ಕೆ 25 ಅಡಿ. ಕಟ್ಟಡಕ್ಕೆ ಹಸಿರು ಬಟ್ಟೆಯೋ ಗೋಣಿಯೋ ಟಾರ್ಪಾಲೋ ಸುತ್ತಬೇಕು. ಒಡೆಯುವಾಗ ನೀರು ಸಿಂಪಡಿಸುತ್ತಲೇ ಇರಬೇಕು. ಹೊರಹೋಗುವ ಲಾರಿಯ ಚಕ್ರ ತೊಳೆಯಬೇಕು. ತಪ್ಪಿದರೆ ಮುಂಬೈ ಪಾಲಿಕೆ ಕಾಯಿದೆಯ 354ಎ ಪ್ರಕಾರ ಕೆಲಸ ನಿಲ್ಲಿಸುವ ನೋಟೀಸು.

ತಗಡು ಎಲ್ಲ ಕಡೆ ಎದ್ದಿದೆ, ಬಿಲ್ಡರಿನ ಜಾಹೀರಾತು ಅಂಟಿಸಲು ಅನುಕೂಲ. ಸೋಲುವುದು ಚಕ್ರ ತೊಳೆಯುವ ಹೊಂಡದಲ್ಲಿ. ಮೊದಲ ವಾರ ನೀರು ತಿಳಿಯಾಗಿರುತ್ತದೆ. ಆಮೇಲೆ ಹೊಂಡದ ತುಂಬ ಕೆಸರು ಕೂತು, ಲಾರಿ ಚಕ್ರವನ್ನು ತೊಳೆಯುವ ಬದಲು ಕೆಸರಲ್ಲಿ ಅದ್ದಿಕೊಂಡು ರಸ್ತೆಗೆ ಇಳಿಯುತ್ತದೆ. ಗೇಟಿನಿಂದ ಐವತ್ತು ಅಡಿ ದೂರದ ತನಕ ಡಾಂಬರಿನ ಮೇಲೆ ಎರಡು ಕಂದು ಪಟ್ಟೆ. ಮಧ್ಯಾಹ್ನದ ಬಿಸಿಲಿಗೆ ಅದು ಒಣಗುತ್ತದೆ, ಸಂಜೆಯ ಬೆಸ್ಟ್ ಬಸ್ಸು ಅದನ್ನು ಪುಡಿ ಮಾಡಿ ಮೇಲಕ್ಕೆ ಎತ್ತುತ್ತದೆ. 35 ಅಡಿ ತಗಡಿನ ಒಳಗಿದ್ದ ಧೂಳು ಹೊರಗೆ ಬಂದಿದ್ದು ಗೇಟಿನಿಂದ, ಚಕ್ರದ ಮೇಲೆ ಕೂತು. ನಿಮ್ಮ ರಸ್ತೆಯಲ್ಲಿ ದೂರು ಕೊಡಬೇಕಾದರೆ ಆಕಾಶದ ಫೋಟೋ ತೆಗೆಯಬೇಡಿ, ಆ ಎರಡು ಪಟ್ಟೆಗಳದ್ದು ತೆಗೆಯಿರಿ. ಗೇಟೂ ಅದರ ಮೇಲಿನ ಪ್ರಾಜೆಕ್ಟಿನ ಬೋರ್ಡೂ ಅದೇ ಫೋಟೋದಲ್ಲಿ ಬರಲಿ.

ವಾಹನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಬಂದು ಇಂಧನದ ಗಂಧಕ 50ರಿಂದ 10 ಪಿಪಿಎಂಗೆ ಇಳಿದದ್ದು ನಿಜವಾದ ಕೆಲಸ. ಪಿಯುಸಿ ಎಂಬ ವಾಹನದ ಹೊಗೆ ತಪಾಸಣೆ ಅರ್ಧ ಕೆಲಸ. ಪೆಟ್ರೋಲ್ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲಿಗೆ ಹೊಗೆಯ ಕಪ್ಪು, ಇಷ್ಟನ್ನೇ ಅದು ನೋಡುವುದು. ಪಿಎಂ 2.5ನ್ನೂ ನೈಟ್ರೋಜನ್ ಆಕ್ಸೈಡನ್ನೂ ಅದು ಅಳೆಯುವುದೇ ಇಲ್ಲ. ತಪಾಸಣೆಯ ಸಲಾಕೆ ಸೈಲೆನ್ಸರಿನೊಳಗೆ 300 ಮಿಲಿಮೀಟರ್ ಹೋಗಬೇಕು; ತುದಿಗೆ ತೋರಿಸಿ ತೆಗೆದರೆ ಹೊರಗಿನ ಗಾಳಿ ಬೆರೆತು ಎಲ್ಲರೂ ಪಾಸು. ಮಿತಿ ಮೀರಿದ ಗಾಡಿಗೆ ದಂಡ 10,000 ರೂಪಾಯಿಯ ತನಕ.

ದಂಡದ ಲೆಕ್ಕ, ದೂರಿನ ದಾರಿ

ಹಿಂದೆ ಚಿಮಣಿ ಮಿತಿ ಮೀರಿದರೆ ಅಥವಾ ಮಂಡಳಿಯ ನಿರ್ದೇಶನ ಮುರಿದರೆ ಕನಿಷ್ಠ ಒಂದೂವರೆ ವರ್ಷ, ಗರಿಷ್ಠ ಆರು ವರ್ಷ ಜೈಲು. ಕಾಗದದ ಮೇಲೆ ಭಯಂಕರ, ಆದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಆ ಮಟ್ಟದ ಸಾಕ್ಷ್ಯ ತರುವುದರಲ್ಲೇ ವರ್ಷಗಳು ಕಳೆಯುತ್ತಿದ್ದವು. 2023ರ ಜನವಿಶ್ವಾಸ ಕಾಯಿದೆ ಇದನ್ನು ಬದಲಿಸಿತು. 2024ರ ಏಪ್ರಿಲ್ 1ರಿಂದ ಇಂಥ ಉಲ್ಲಂಘನೆಗೆ 10,000ದಿಂದ 15 ಲಕ್ಷ ರೂಪಾಯಿ ದಂಡ, ಮುಂದುವರಿಸಿದರೆ ದಿನಕ್ಕೆ 10,000. ವಿಧಿಸುವವರು ಕೋರ್ಟಲ್ಲ, ರಾಜ್ಯದ ಕಾರ್ಯದರ್ಶಿ ಅಥವಾ ಕೇಂದ್ರದ ಜಂಟಿ ಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ ನಿರ್ಣಯಾಧಿಕಾರಿ. ಜೈಲು ತೆಗೆದದ್ದು ದೊಡ್ಡವರಿಗೆ ಮಾಡಿದ ಉಪಕಾರ ಎಂಬ ಟೀಕೆಯಲ್ಲಿ ಸತ್ಯವಿದೆ. 15 ಲಕ್ಷ ದೊಡ್ಡ ಕಾರ್ಖಾನೆಗೆ ಚಿಲ್ಲರೆ. ಆದರೂ ಎಂದೂ ಬೀಳದ ಜೈಲಿಗಿಂತ ಬೀಳುವ ದಂಡ ವಾಸಿ ಎಂದು ನನಗನ್ನಿಸುತ್ತದೆ, ಬಿದ್ದರೆ.

ಇದಲ್ಲದೆ, ಪರಿಸರಕ್ಕಾದ ಹಾನಿಗೆ ಮಾಲಿನ್ಯ ಮಾಡಿದವರು ಕಟ್ಟಬೇಕಾದ ಪರಿಸರ ಪರಿಹಾರ ಎಂಬುದೊಂದಿದೆ. ಕೇಂದ್ರ ಮಂಡಳಿಯ ಸೂತ್ರ ಹೀಗೆ: ಮಾಲಿನ್ಯದ ಅಂಕೆ (ಕೆಂಪು 80, ಕಿತ್ತಳೆ 50, ಹಸಿರು 30), ಉಲ್ಲಂಘನೆಯ ದಿನಗಳು, ರೂಪಾಯಿ ಅಂಶ 250, ಗಾತ್ರದ ಅಂಶ (ಸಣ್ಣದು 0.5, ಮಧ್ಯಮ 1, ದೊಡ್ಡದು 1.5), ಊರಿನ ಅಂಶ (ಕೋಟಿ ಜನಸಂಖ್ಯೆ ದಾಟಿದರೆ 2), ಎಲ್ಲವನ್ನೂ ಗುಣಿಸಿ. ಮುಂಬೈಯ ಒಂದು ಸಣ್ಣ ಕಿತ್ತಳೆ ಘಟಕಕ್ಕೆ ದಿನಕ್ಕೆ 12,500 ರೂಪಾಯಿ, 30 ದಿನಕ್ಕೆ 3,75,000. ಒಂದು ಸಣ್ಣ ಬಾಯ್ಲರಿನ ಹೊಗೆಯನ್ನು ಚೀಲದ ಫಿಲ್ಟರಿನಲ್ಲಿ ಸೋಸಲು ವರ್ಷವಿಡೀ ಆಗುವ ಖರ್ಚನ್ನು ಇದರ ಪಕ್ಕ ಇಟ್ಟು ನೋಡಬೇಕು. ಮಂಡಳಿಗಳು ಇಂಥ ಪರಿಹಾರ ವಿಧಿಸಬಹುದು ಎಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೂ ಒಪ್ಪಿದೆ. ಆದರೆ ಹೋಟೆಲಿನವರು ನಿಜವಾಗಿ ಹೆದರುವುದು ಇದಕ್ಕಲ್ಲ, ಸೆಕ್ಷನ್ 31ಎಗೆ. ಅದರ ಕೆಳಗೆ ಮಂಡಳಿ ನೀರು, ಕರೆಂಟು ಕಡಿಸಬಹುದು. ಶುಕ್ರವಾರ ಸಂಜೆ ಕರೆಂಟು ಹೋದರೆ ಶನಿವಾರ ಭಾನುವಾರದ ವ್ಯಾಪಾರ ಹೋಯಿತು.

ದೂರು ಬರೆಯುವವರಿಗೆ: ‘ಗಾಳಿ ಕೆಟ್ಟಿದೆ’ ಎಂದು ಬರೆಯಬೇಡಿ. ಇಂಥ ಜಾಗದ ಇಂಥ ಚಿಮಣಿ, ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಇಂಥ ಬಣ್ಣದ ಹೊಗೆ ಎಂದು ಬರೆಯಿರಿ. ಕಟ್ಟಡದ ಧೂಳು, ಕಸ ಸುಡುವುದು ಪಾಲಿಕೆಯ ವಾರ್ಡ್ ಕಚೇರಿಗೆ ಅಥವಾ ಸಹಾಯವಾಣಿ 1916ಕ್ಕೆ. ಬಯಲಲ್ಲಿ ಕಸ ಸುಟ್ಟರೆ 5,000, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ಎಂದು ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ಹೋಟೆಲಿನ ಅಡುಗೆ ಹೊಗೆ ಅದೇ ವಾರ್ಡಿನ ಆರೋಗ್ಯಾಧಿಕಾರಿಗೆ, ಏಕೆಂದರೆ ಪಾಲಿಕೆ ಕಾಯಿದೆಯ 394ನೇ ಸೆಕ್ಷನ್ನಿನ ಲೈಸೆನ್ಸು ಅವರ ಕೈಯಲ್ಲಿದೆ. ಬಾಯ್ಲರು, ಜನರೇಟರು, ಕಾರ್ಖಾನೆ ಎಂದರೆ ಮಂಡಳಿಯ ಉಪಪ್ರಾದೇಶಿಕ ಕಚೇರಿ. ಕೇಂದ್ರ ಕಚೇರಿ ಇರುವುದು ಸಯನ್ ಸರ್ಕಲಿನ ಹತ್ತಿರ. ದೂರಿಗೆ ಮೊದಲು ವಾಯು ಕಾಯಿದೆಯ ಸೆಕ್ಷನ್ 51 ನೆನಪಿಡಿ. ಕನ್ಸೆಂಟ್ ಪಡೆದವರ ರಿಜಿಸ್ಟರನ್ನು ಮಂಡಳಿ ಇಡಬೇಕು, ತೊಂದರೆಗೊಳಗಾದವರು ಅದನ್ನು ನೋಡಬಹುದು. ಆ ಘಟಕಕ್ಕೆ ಬರೆದುಕೊಟ್ಟ ಚಿಮಣಿಯ ಎತ್ತರ, ಇಂಧನ, ಕಣದ ಮಿತಿ ಎಲ್ಲ ಕನ್ಸೆಂಟಿನಲ್ಲಿರುತ್ತದೆ. ‘ಕನ್ಸೆಂಟಿನಲ್ಲಿ 12 ಮೀಟರ್, ಇರುವುದು 7 ಮೀಟರ್’ ಎಂಬ ಒಂದು ಸಾಲಿನ ದೂರನ್ನು ತಳ್ಳಿಹಾಕುವುದು ಯಾವ ಗುಮಾಸ್ತನಿಗೂ ಸುಲಭವಲ್ಲ.

ಮಂಡಳಿ ಸುಮ್ಮನೆ ಕೂತರೆ ಸೆಕ್ಷನ್ 43ರ ಪ್ರಕಾರ 60 ದಿನದ ನೋಟೀಸು ಕೊಟ್ಟು ಸಾಮಾನ್ಯ ನಾಗರಿಕನೇ ಮುಂದುವರಿಯಬಹುದು. ನೋಟೀಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಇಲ್ಲವೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಮಹಾರಾಷ್ಟ್ರ, ಗೋವಾ, ಗುಜರಾತಿಗೆ ಅದರ ಪೀಠ ಪುಣೆಯಲ್ಲಿದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ವಕೀಲರು ಬೇಕೇಬೇಕೆಂದಿಲ್ಲ. ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಅರ್ಜಿ ಬೀಳಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ ಇನ್ನೂ 60 ದಿನ. ಅದರ ಮೇಲೆ ಒಂದು ದಿನವೂ ಇಲ್ಲ. ಸೊಸೈಟಿಯ ಮೀಟಿಂಗಿನಲ್ಲಿ ‘ಮುಂದಿನ ಸಭೆಗೆ ನೋಡೋಣ’ ಎಂದು ಎರಡು ಸಲ ಮುಂದೂಡಿದರೆ ಆರು ತಿಂಗಳು ಮುಗಿದೇಹೋಗಿರುತ್ತದೆ. ಹಾಗಾಗಿ ಮೊದಲ ದೂರಿನ ಪ್ರತಿಯ ಮೇಲೆ ಕಚೇರಿಯ ಮುದ್ರೆ ಮತ್ತು ತಾರೀಖು ಸ್ಪಷ್ಟವಾಗಿ ಬಿದ್ದಿದೆಯೇ ಎಂದು ಕೌಂಟರಿನಲ್ಲೇ ನಿಂತು ನೋಡಿಕೊಳ್ಳಿ.